ಕಿಟಕಿ ಬದಲಾಯಿತೆಂದು ಮನೆ ಕೆಡವಬೇಕೆ?

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈನಲ್ಲಿ ಬಿಡುಗಡೆಯಾಗಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳನ್ನು ನಡೆಸಿದ ತಂತ್ರಾಂಶವದು. ಬೆಂಗಳೂರಿನ ದೊಡ್ಡ ಕಚೇರಿಗಳ ಮಟ್ಟಿಗೆ ಇದು ಒಂದು ಸುತ್ತೋಲೆಯ ವಿಷಯ. ಹಳೆಯ ಲ್ಯಾಪ್‌ಟಾಪನ್ನು ಮರಳಿಸಿ, ವಿಂಡೋಸ್ 11 ಇರುವ ಹೊಸದನ್ನು ಪಡೆದು ಸಹಿ ಹಾಕಿದರೆ ಕೆಲಸ ಮುಗಿಯಿತು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಲ್ಲಿ ಸಂಗತಿ ಅಷ್ಟು ಸಲೀಸಲ್ಲ. ಇಲ್ಲಿ ಕಂಪ್ಯೂಟರ್ ಎಂಬುದು ಒಂಟಿ ಯಂತ್ರವಲ್ಲ. ಒಂದು ಪ್ರಿಂಟರು, ಒಂದು ತೂಕದ ಯಂತ್ರ, ಒಂದು ಬೆರಳಚ್ಚು ಸಾಧನ, ಒಂದು ಸ್ಕ್ಯಾನರು ಹೀಗೆ ಇಡೀ ಸಂಸಾರ ಅದರ ಬೆನ್ನಿಗೆ ಕಟ್ಟಿಕೊಂಡಿರುತ್ತದೆ. ಯಜಮಾನ ಬದಲಾದಾಗ ಈ ಸಂಸಾರದ ಗತಿ ಏನು ಎಂಬುದೇ ಈ ಲೇಖನದ ಪ್ರಶ್ನೆ.

ಪ್ರಶ್ನೆ ತಾಂತ್ರಿಕವಾಗಿ ಕಂಡರೂ ಅದರ ಉತ್ತರ ತಾಂತ್ರಿಕ ಮಾತ್ರವಲ್ಲ. ಈ ತಾಲ್ಲೂಕುಗಳ ಝೆರಾಕ್ಸ್ ಅಂಗಡಿ, ಸೇವಾ ಕೇಂದ್ರ, ಡಿಟಿಪಿ ಕೇಂದ್ರಗಳಲ್ಲಿ ನಾನು ಮಾತನಾಡಿಸಿದವರಲ್ಲಿ ಬಹುತೇಕರು ಹೇಳಿದ್ದು ಒಂದೇ ಮಾತು: ‘ಪ್ರಿಂಟರಿಗೆ ಏನೂ ಆಗಿಲ್ಲ ಸಾರ್, ಹೊಸ ಕಂಪ್ಯೂಟರಿಗೇ ಅದು ಕಾಣ್ತಿಲ್ಲ.’ ಸವೆಯದ, ಸುಡದ, ಮುರಿಯದ ಯಂತ್ರವೊಂದು ನಿರುಪಯುಕ್ತವಾಗುವ ಈ ವಿಚಿತ್ರ ಸನ್ನಿವೇಶವನ್ನು ನಮ್ಮ ಆಡಳಿತವಾಗಲಿ ಗ್ರಾಹಕ ಸಂಘಟನೆಗಳಾಗಲಿ ಗಂಭೀರವಾಗಿ ಚರ್ಚಿಸಿದ್ದು ಕಡಿಮೆ.

ಮೊದಲು ಈ ಊರುಗಳ ಸ್ವರೂಪವನ್ನು ಗಮನಿಸಬೇಕು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿದ್ದ ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟಿತು. ಚನ್ನಗಿರಿ ಅಡಿಕೆಯ ಸೀಮೆ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ಜಗಳೂರು ಮಳೆಯನ್ನೇ ನೆಚ್ಚಿಕೊಂಡ ಬಯಲುಸೀಮೆ. ಬೆಳೆ ಬೇರೆ, ಆದಾಯ ಬೇರೆ. ಅಡಿಕೆಗೆ ಬೆಲೆ ಬಂದ ವರ್ಷ ಚನ್ನಗಿರಿಯ ವ್ಯಾಪಾರಿಗೆ ಹದಿನೈದು ಸಾವಿರ ರೂಪಾಯಿಯ ಪ್ರಿಂಟರು ದೊಡ್ಡ ಮಾತಲ್ಲದಿರಬಹುದು. ಆದರೆ ಮಳೆ ಕೈಕೊಟ್ಟ ವರ್ಷ ಜಗಳೂರಿನ ಸೇವಾ ಕೇಂದ್ರದವನಿಗೆ ಅದೇ ಮೊತ್ತ ಕೆಲವು ತಿಂಗಳ ಉಳಿತಾಯ. ಹೊಸ ಕಾರ್ಯಾಚರಣ ವ್ಯವಸ್ಥೆ ಮಾತ್ರ ಈ ವ್ಯತ್ಯಾಸವನ್ನು ಅರಿಯದು.

ಯಂತ್ರ ಕೆಡದೆಯೂ ಕೆಲಸ ನಿಲ್ಲುವುದು ಹೇಗೆ? ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಸಾಧನಕ್ಕೂ ನೇರ ಮಾತುಕತೆ ಇರುವುದಿಲ್ಲ. ನಡುವೆ ‘ಡ್ರೈವರ್’ ಎಂಬ ಪುಟ್ಟ ತಂತ್ರಾಂಶ ದುಭಾಷಿಯಂತೆ ಕೆಲಸ ಮಾಡುತ್ತದೆ. ಈ ದುಭಾಷಿಯನ್ನು ಬರೆಯುವವರು ಸಾಮಾನ್ಯವಾಗಿ ಸಾಧನದ ತಯಾರಕರು. ಆತ ಯಾವ ಭಾಷೆಯಲ್ಲಿ ಮಾತನಾಡಬೇಕು, ಎಲ್ಲಿ ನಿಲ್ಲಬೇಕು ಎಂದು ನಿಯಮ ಮಾಡುವವರು ಕಾರ್ಯಾಚರಣ ವ್ಯವಸ್ಥೆಯ ಒಡೆಯರು. ಒಡೆಯರು ನಿಯಮ ಬದಲಿಸಿದಾಗ ತಯಾರಕರು ದುಭಾಷಿಗೆ ಹೊಸ ಪಾಠ ಕಲಿಸಬೇಕು. ಹತ್ತು ವರ್ಷದ ಹಿಂದೆ ಮಾರಿದ ಪ್ರಿಂಟರಿಗಾಗಿ ಇಂದು ಆ ಶ್ರಮ ಪಟ್ಟರೆ ಅವರಿಗೆ ಸಿಗುವುದೇನು? ಹೊಸ ಪ್ರಿಂಟರಿನ ಮಾರಾಟ ಒಂದು ಕಡಿಮೆಯಾಗುತ್ತದೆ, ಅಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಇದು ಈಗಿನ ಕಥೆಯೇನೂ ಅಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ 2007ರ ವಿಸ್ಟಾಗೆ ಜಿಗಿದಾಗಲೇ ಬಳಕೆದಾರರು ಈ ನೋವನ್ನು ಉಂಡಿದ್ದರು. ವಿಸ್ಟಾದ 64 ಬಿಟ್ ಆವೃತ್ತಿಯು ಅಧಿಕೃತ ಡಿಜಿಟಲ್ ಸಹಿ ಇಲ್ಲದ, ವ್ಯವಸ್ಥೆಯ ಅಂತರಂಗವನ್ನು ಪ್ರವೇಶಿಸುವ ಡ್ರೈವರುಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಗ ಅನೇಕರು ಎಕ್ಸ್‌ಪಿಗೇ ಅಂಟಿಕೊಂಡು, 2014ರ ಏಪ್ರಿಲ್ 8ರಂದು ಅದರ ಬೆಂಬಲ ನಿಂತ ಮೇಲೂ ಅದನ್ನೇ ನಡೆಸಿದರು. ಬಳಿಕ ವಿಂಡೋಸ್ 7; ಅದರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಆದರೂ ವಿಂಡೋಸ್ 10ರವರೆಗೆ ಒಂದು ಹಿಂಬಾಗಿಲು ತೆರೆದಿತ್ತು. ಅದಕ್ಕೆ 32 ಬಿಟ್ ಆವೃತ್ತಿಯೂ ಇದ್ದುದರಿಂದ ಹಳೆಯ ಡ್ರೈವರುಗಳು, ಡಾಸ್ ಕಾಲದ ಲೆಕ್ಕದ ತಂತ್ರಾಂಶಗಳು ಹೇಗೋ ಉಸಿರಾಡುತ್ತಿದ್ದವು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಆ ಬಾಗಿಲನ್ನು ಮುಚ್ಚಿತು. ಅದಕ್ಕೆ 32 ಬಿಟ್ ಆವೃತ್ತಿ ಇಲ್ಲ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸ್ಥೂಲವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು ಎಂಬ ಷರತ್ತುಗಳು ಬಂದವು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅಂದರೆ ಅದಕ್ಕೂ ಮೊದಲಿನ ಬಹುತೇಕ ಕಂಪ್ಯೂಟರುಗಳಿಗೆ ಅಧಿಕೃತ ದಾರಿ ಇಲ್ಲ. ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಾಲಿಸ್ 2023ರ ಡಿಸೆಂಬರ್‌ನಲ್ಲಿ, ಈ ಕಾರಣದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಅಂದಾಜು ಮಾಡಿತ್ತು.

ಇನ್ನು ಸಾಧನಗಳನ್ನು ಒಂದೊಂದಾಗಿ ನೋಡೋಣ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹಾಗೆ ತೂಗುವುದರಿಂದಲೇ ಅನೇಕರು ಅನಗತ್ಯ ಖರ್ಚಿಗೆ ಸಿಲುಕುತ್ತಾರೆ.

ವಯಸ್ಸಿನಲ್ಲಿ ಎಲ್ಲಕ್ಕಿಂತ ಹಿರಿಯದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಮಂಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ಅದರ ಕರ್ಕಶ ಸದ್ದು ಇಂದಿಗೂ ಕೇಳಿಸುತ್ತದೆ. ಅದು ಉಳಿದಿರುವುದಕ್ಕೆ ಕಾರಣ ಹಳೆಯದರ ಮೇಲಿನ ಮೋಹವಲ್ಲ. ಸೂಜಿಗಳು ಕಾಗದವನ್ನು ಬಡಿದು ಮುದ್ರಿಸುವುದರಿಂದ ಒಂದೇ ಏಟಿಗೆ ಕಾರ್ಬನ್ ಪ್ರತಿಗಳೂ ಮೂಡುತ್ತವೆ: ರೈತನಿಗೊಂದು, ವ್ಯಾಪಾರಿಗೊಂದು, ಕಡತಕ್ಕೊಂದು. ಲೇಸರ್ ಪ್ರಿಂಟರು ಈ ಕೆಲಸ ಮಾಡಲಾರದು. ಅಚ್ಚರಿಯೆಂದರೆ, ವಿಂಡೋಸ್ 11ರಲ್ಲಿ ಕೂಡ ಈ ಮುದುಕನನ್ನು ನಡೆಸುವುದು ಸುಲಭ. ಅದರ ಭಾಷೆ ಸರಳ, ಬಹಿರಂಗ. ಎಪ್ಸನ್ ರೂಪಿಸಿದ ಆದೇಶಗಳನ್ನೇ ಬೇರೆ ಅನೇಕ ತಯಾರಕರೂ ಪಾಲಿಸಿದರು. ಹಾಗಾಗಿ ಒಂದು ಮಾದರಿಯ ಡ್ರೈವರ್ ಸಿಗದಿದ್ದರೆ ಅದೇ ಭಾಷೆಯ ಇನ್ನೊಂದು ಸಾಮಾನ್ಯ ಡ್ರೈವರ್ ಸಾಕಾಗುತ್ತದೆ. ತೊಡಕಿರುವುದು ಬೇರೆ ಕಡೆ. ಅದರ ದಪ್ಪನೆಯ ಪ್ಯಾರಲಲ್ ಕೇಬಲ್ ಸೇರಿಸಲು ಇಂದಿನ ಕಂಪ್ಯೂಟರುಗಳಲ್ಲಿ ಜಾಗವೇ ಇಲ್ಲ. ಯುಎಸ್‌ಬಿ ಪರಿವರ್ತಕ ಕೇಬಲ್ ಅಥವಾ ಡೆಸ್ಕ್‌ಟಾಪ್ ಆದರೆ ಒಳಗೆ ಕೂರಿಸುವ ಒಂದು ಕಾರ್ಡು, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಸಹಕಾರ ಸಂಘಗಳ ಹಳೆಯ ಡಾಸ್ ತಂತ್ರಾಂಶಗಳದು ಇನ್ನೊಂದು ಪಡಿಪಾಟಲು. ಫಾಕ್ಸ್‌ಪ್ರೋನಂಥ ಸಾಧನದಲ್ಲಿ ಯಾರೋ ಸ್ಥಳೀಯ ಯುವಕ ಎಂದೋ ಬರೆದುಕೊಟ್ಟ ಲೆಕ್ಕದ ಕ್ರಮವಿಧಿ 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. ತೆರೆದರೂ ಅದಕ್ಕೆ ಗೊತ್ತಿರುವುದು ‘ಎಲ್‌ಪಿಟಿ1’ ಎಂಬ ಒಂದೇ ವಿಳಾಸ. ಯುಎಸ್‌ಬಿ ಪ್ರಿಂಟರು ಆ ವಿಳಾಸದಲ್ಲಿ ವಾಸಿಸುವುದಿಲ್ಲ. ಡಾಸ್ ವಾತಾವರಣವನ್ನು ಅನುಕರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿ, ಪ್ರಿಂಟರನ್ನು ಜಾಲದಲ್ಲಿ ಹಂಚಿಕೆಗೆ ಇಟ್ಟು, ‘ನೆಟ್ ಯೂಸ್’ ಆದೇಶದ ಮೂಲಕ ಅದೇ ಎಲ್‌ಪಿಟಿ1 ಎಂದು ನಂಬಿಸುವ ಉಪಾಯವನ್ನು ನಮ್ಮ ತಾಲ್ಲೂಕು ಕೇಂದ್ರಗಳ ರಿಪೇರಿ ಹುಡುಗರು ಬಲ್ಲರು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಸಂಘಗಳನ್ನು ಗುರಿಯಾಗಿಟ್ಟು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಅದು ಸ್ವಾಗತಾರ್ಹ. ಆದರೆ ಹೊಸ ತಂತ್ರಾಂಶ ಬಂದ ಮೇಲೂ ಹಿಂದಿನ ವರ್ಷಗಳ ಸಾಲದ ಲೆಕ್ಕ ಹಳೆಯ ಯಂತ್ರದಲ್ಲಿಯೇ ಉಳಿದಿದ್ದರೆ, ತಕರಾರು ಬಂದ ದಿನ ಅದನ್ನು ತೆರೆದು ಮುದ್ರಿಸಲೇಬೇಕಾಗುತ್ತದೆ.

ಎರಡನೆಯ ಬಗೆ ಅಗ್ಗದ ಲೇಸರ್ ಪ್ರಿಂಟರು. ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಮೊದಲಾದ ಮಾದರಿಗಳನ್ನು ನೋಡದ ಝೆರಾಕ್ಸ್ ಅಂಗಡಿ ನಮ್ಮಲ್ಲಿ ವಿರಳ. ಇವು ಗಟ್ಟಿ ಯಂತ್ರಗಳು. ಆದರೆ ಅಗ್ಗವಾಗಿದ್ದುದರ ಗುಟ್ಟೇ ಇಂದಿನ ತೊಂದರೆಯ ಮೂಲ. ಪುಟವನ್ನು ಮುದ್ರಣಕ್ಕೆ ಸಿದ್ಧಪಡಿಸುವ ‘ಮಿದುಳು’ ಪ್ರಿಂಟರಿನೊಳಗೆ ಇಲ್ಲ. ಆ ಕೆಲಸವನ್ನು ಕಂಪ್ಯೂಟರಿನಲ್ಲಿರುವ ಡ್ರೈವರೇ ಮಾಡಬೇಕು. ಲೇಸರ್‌ಜೆಟ್ 1020ಕ್ಕಂತೂ ಪ್ರತಿ ಸಲ ಚಾಲೂ ಮಾಡಿದಾಗ ಅದರೊಳಗಿನ ತಂತ್ರಾಂಶವನ್ನೂ ಕಂಪ್ಯೂಟರೇ ತುಂಬಬೇಕು. ಇಂಥ ಯಂತ್ರ ಪೂರ್ತಿಯಾಗಿ ದುಭಾಷಿಯ ಕೈಯಲ್ಲಿರುತ್ತದೆ. ವಿಂಡೋಸ್ 10ಕ್ಕೆಂದು ಬರೆದ 64 ಬಿಟ್ ಡ್ರೈವರುಗಳು ಹೆಚ್ಚಿನ ಪಕ್ಷ ವಿಂಡೋಸ್ 11ರಲ್ಲಿಯೂ ನಡೆಯುತ್ತವೆ ಎಂಬುದು ಸಮಾಧಾನದ ಸಂಗತಿ. ಆದರೆ 2023ರ ಸೆಪ್ಟೆಂಬರ್‌ನಲ್ಲಿಯೇ ಮೈಕ್ರೋಸಾಫ್ಟ್, ಪ್ರಿಂಟರ್ ತಯಾರಕರ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವ ಪದ್ಧತಿಯನ್ನು ಹಂತ ಹಂತವಾಗಿ ಕೈಬಿಡುವುದಾಗಿ ಪ್ರಕಟಿಸಿತು. ಎಲ್ಲ ಪ್ರಿಂಟರುಗಳೂ ಒಂದೇ ಸಾಮಾನ್ಯ ಭಾಷೆ ಕಲಿಯಲಿ ಎಂಬುದು ಅದರ ಆಶಯ. ಹೊಸ ಪ್ರಿಂಟರು ಕೊಳ್ಳುವವರಿಗೆ ಇದು ಒಳ್ಳೆಯದೇ. ಮಿದುಳಿಲ್ಲದ ಹಳೆಯ ಪ್ರಿಂಟರಿಗೆ ಮಾತ್ರ ಹೊಸ ಭಾಷೆ ಕಲಿಯುವ ಶಕ್ತಿಯೇ ಇಲ್ಲ.

ಮೂರನೆಯದು ಹೆಚ್ಚು ಜನರಿಗೆ ಕಾಣದ, ಆದರೆ ಹೆಚ್ಚು ರೈತರನ್ನು ತಟ್ಟುವ ಸಾಧನ: ಸೀರಿಯಲ್ ಕೇಬಲ್. ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಗೆ ದಾವಣಗೆರೆ ಜಿಲ್ಲೆಯೂ ಸೇರುತ್ತದೆ. ಗಣಕೀಕರಣಗೊಂಡ ಹಾಲು ಸಂಘಗಳಲ್ಲಿ ಬೆಳಿಗ್ಗೆ ಸಂಜೆ ಹಾಲು ತೂಗುವ ಯಂತ್ರ, ಜಿಡ್ಡಿನ ಪ್ರಮಾಣ ಅಳೆಯುವ ಯಂತ್ರ ಎರಡೂ ಕಂಪ್ಯೂಟರಿಗೆ ಅಂಕಿಗಳನ್ನು ಕಳಿಸುತ್ತವೆ. ಆ ಅಂಕಿಗಳ ಮೇಲೆಯೇ ರೈತ ಮಹಿಳೆಯ ಹಾಲಿನ ದರ ನಿಂತಿದೆ. ಅಂಕಿ ಸಾಗುವುದು ಬಹುಮಟ್ಟಿಗೆ ಒಂಬತ್ತು ಸೂಜಿಯ ಹಳೆಯ ಸೀರಿಯಲ್ ಕೇಬಲ್ ಮೂಲಕ. ಹೊಸ ಕಂಪ್ಯೂಟರಿನಲ್ಲಿ ಆ ಕಿಂಡಿ ಇಲ್ಲದಿರುವುದರಿಂದ ಕೆಲವು ನೂರು ರೂಪಾಯಿಯ ಯುಎಸ್‌ಬಿ ಪರಿವರ್ತಕವನ್ನು ಅವಲಂಬಿಸಬೇಕು. ಈ ಪುಟ್ಟ ತುಂಡಿನೊಳಗೆ ದೊಡ್ಡ ರಾಜಕೀಯವಿದೆ. ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ಪಿನ ಹಳೆಯ ಮಾದರಿಗಳನ್ನು ಹೊಸ ಡ್ರೈವರ್ ಗುರುತಿಸಿದ ಕೂಡಲೇ, ‘ಇದು 2012ರಿಂದ ಚಲಾವಣೆಯಲ್ಲಿಲ್ಲ, ಮಾರಿದವರನ್ನು ಸಂಪರ್ಕಿಸಿ’ ಎಂಬರ್ಥದ ಸಾಲೊಂದನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ. 2014ರಲ್ಲಿ ಎಫ್‌ಟಿಡಿಐ ಎಂಬ ಇನ್ನೊಂದು ಕಂಪನಿಯ ಡ್ರೈವರ್, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಅಳಿಸಿ ಅವನ್ನು ನಿಷ್ಕ್ರಿಯಗೊಳಿಸಿತ್ತು. ಟೀಕೆ ಹೆಚ್ಚಾದ ಮೇಲೆ ಆ ಡ್ರೈವರನ್ನು ಹಿಂದಕ್ಕೆ ಪಡೆಯಲಾಯಿತು. ನಕಲಿ ತಯಾರಿಸಿದವನು ಎಲ್ಲೋ ಇದ್ದಾನೆ. ಅಂಗಡಿಯಲ್ಲಿ ಹಣ ಕೊಟ್ಟು ತಂದವನಿಗೆ ಅಸಲು ಯಾವುದು ನಕಲು ಯಾವುದು ಗೊತ್ತಿಲ್ಲ. ಶಿಕ್ಷೆ ಆಗುವುದು ಮಾತ್ರ ಅವನಿಗೆ. ಆ ಸಂಜೆ ಸಂಘದ ಕಾರ್ಯದರ್ಶಿ ಜಿಡ್ಡಿನ ಅಂಕಿಯನ್ನು ಕೈಯಲ್ಲಿ ಬರೆಯಬೇಕಾಗುತ್ತದೆ. ಕೈಬರಹದೊಂದಿಗೆ ಅನುಮಾನವೂ ಬರುತ್ತದೆ. ಯಂತ್ರ ತಂದಿದ್ದೇ ಆ ಅನುಮಾನ ನೀಗಲಿ ಎಂದು.

ನಾಲ್ಕನೆಯದು ಬೆರಳಚ್ಚು ಸಾಧನ. ಇಲ್ಲಿ ನಿಯಮ ಬದಲಿಸುವವರು ಮೈಕ್ರೋಸಾಫ್ಟ್ ಮಾತ್ರವಲ್ಲ, ನಮ್ಮದೇ ಸರ್ಕಾರ. ಆಧಾರ್ ಪ್ರಾಧಿಕಾರವು 2017ರಿಂದ ನೋಂದಾಯಿತ ಸಾಧನಗಳನ್ನು ಕಡ್ಡಾಯಗೊಳಿಸಿತು. ಬಳಿಕ ‘ಎಲ್‌ 0’ ದರ್ಜೆಯ ಸಾಧನಗಳ ಬದಲು ‘ಎಲ್‌ 1’ ದರ್ಜೆಯವನ್ನು ಬಳಸುವಂತೆ ಸೂಚಿಸಿತು. ಮೊದಲಿನದರಲ್ಲಿ ಬೆರಳಚ್ಚನ್ನು ಗೂಢಲಿಪಿಗೆ ಪರಿವರ್ತಿಸುವ ಕೆಲಸ ಕಂಪ್ಯೂಟರಿನ ತಂತ್ರಾಂಶದಲ್ಲಿ ಆಗುತ್ತಿತ್ತು. ಎರಡನೆಯದರಲ್ಲಿ ಸಾಧನದೊಳಗೇ ಆಗುತ್ತದೆ. ಬೆರಳಚ್ಚು ಕದ್ದು ಖಾತೆಯಿಂದ ಹಣ ಲಪಟಾಯಿಸುವ ಈ ಕಾಲದಲ್ಲಿ ಇದು ಬೇಕಾದ ಬದಲಾವಣೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಾಜು ಒಡೆಯದ, ಬೆರಳನ್ನು ಸರಿಯಾಗಿಯೇ ಓದುತ್ತಿದ್ದ ಹಳೆಯ ಸಾಧನ ಮೂಲೆ ಸೇರಿತು. ಹೊಸದರ ಬೆಲೆ ಬಹಳ ಕಡೆ ಸೇವೆ ನೀಡುವವನ ಜೇಬಿನಿಂದಲೇ ಹೋಯಿತು.

ಐದನೆಯದು ಕನ್ನಡಕ್ಕೇ ವಿಶಿಷ್ಟವಾದದ್ದು. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ ತಯಾರಿಸುವ ಡಿಟಿಪಿ ಕೇಂದ್ರಗಳು ದಶಕಗಳಿಂದ ಪೇಜ್‌ಮೇಕರ್ 7 ಮತ್ತು ಯೂನಿಕೋಡ್ ಅಲ್ಲದ ಕನ್ನಡ ಫಾಂಟುಗಳ ಮೇಲೆ ನಿಂತಿವೆ. ಅಡೋಬಿ 2001ರಲ್ಲಿ ಹೊರತಂದ ಆ ಆವೃತ್ತಿಯೇ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ. ಕೆಲವು ಅಕ್ಷರ ಜೋಡಣೆಯ ತಂತ್ರಾಂಶಗಳಿಗೆ ‘ಡಾಂಗಲ್’ ಎಂಬ ಬೀಗವೂ ಇದೆ. ಆ ಬೀಗಕ್ಕೆ ಹೊಸ ವ್ಯವಸ್ಥೆಯ ಡ್ರೈವರ್ ಸಿಗದಿದ್ದರೆ ಹಣ ಕೊಟ್ಟು ಕೊಂಡ ತಂತ್ರಾಂಶವೂ ತೆರೆಯದು. ಈ ಮಾತನ್ನು ಹೇಳುವಾಗ ಇನ್ನೊಂದನ್ನೂ ನೆನೆಯಬೇಕು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆಗೆ ‘ತುಂಗಾ’ ಫಾಂಟ್ ಬಂದಿತ್ತು. ಅಂದು ಯೂನಿಕೋಡ್‌ನಲ್ಲಿ ಬರೆದಿಟ್ಟ ಕನ್ನಡವನ್ನು ಇಂದು ಯಾವ ಕಂಪ್ಯೂಟರಿನಲ್ಲಿಯೂ, ಮೊಬೈಲಿನಲ್ಲಿಯೂ ಓದಬಹುದು. ಖಾಸಗಿ ಸಂಕೇತಗಳಲ್ಲಿ ಬರೆದಿಟ್ಟ ಕನ್ನಡಕ್ಕೆ ಮಾತ್ರ ಪರಿವರ್ತಕ ಬೇಕು. ಬಹಿರಂಗ ಮಾನಕವನ್ನು ಪಾಲಿಸಿದ್ದು ಬಾಳುತ್ತದೆ, ಗುಟ್ಟಿನ ಭಾಷೆಯಲ್ಲಿ ಮಾತನಾಡುವುದು ಒಡೆಯನ ಮರ್ಜಿಯಲ್ಲಿ ಬದುಕುತ್ತದೆ. ಡಾಟ್ ಮ್ಯಾಟ್ರಿಕ್ಸ್ ಉಳಿದು ಅದಕ್ಕಿಂತ ಕಿರಿಯ ಲೇಸರ್ ಪ್ರಿಂಟರು ಒದ್ದಾಡುವುದಕ್ಕೂ ಇದೇ ಕಾರಣ.

ಹಾಗೆಂದು ಮೈಕ್ರೋಸಾಫ್ಟ್‌ನ ವಾದವನ್ನು ತಳ್ಳಿಹಾಕುವಂತಿಲ್ಲ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಒತ್ತೆ ಇರಿಸಿಕೊಂಡಾಗ ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಎರಡು ತಿಂಗಳ ಹಿಂದೆಯೇ ಬಿಡುಗಡೆಯಾಗಿದ್ದ ತೇಪೆಯನ್ನು ಹಾಕಿಕೊಳ್ಳದ ಯಂತ್ರಗಳೇ ಹೆಚ್ಚಾಗಿ ಬಲಿಯಾದವು. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ದೋಷವು ವಿಂಡೋಸ್‌ನ ಮುದ್ರಣ ವ್ಯವಸ್ಥೆಯೇ ಕಳ್ಳನಿಗೆ ದಾರಿಯಾಗಬಹುದೆಂದು ತೋರಿಸಿತು. ಹಳೆಯ ಡ್ರೈವರ್ ಎಂದರೆ ಮನೆಯ ಒಳಕೋಣೆಯ ಕೀಲಿಕೈ ಹಿಡಿದ, ಯಾರೂ ವಿಚಾರಿಸದ ಅಪರಿಚಿತ. ಜನರ ಆಧಾರ್ ಸಂಖ್ಯೆ, ಪಹಣಿ, ಬ್ಯಾಂಕ್ ವಿವರಗಳನ್ನು ನಿತ್ಯ ನಿರ್ವಹಿಸುವ ಕಂಪ್ಯೂಟರಿನಲ್ಲಿ ಬೆಂಬಲ ಕಳೆದುಕೊಂಡ ವ್ಯವಸ್ಥೆಯನ್ನು ಮುಂದುವರಿಸುವುದು ಆ ಜನರಿಗೇ ಅಪಾಯ. ಷರತ್ತುಗಳನ್ನು ತಪ್ಪಿಸಿ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಿಕೊಡುವ ದಂಧೆಯೂ ಪರಿಹಾರವಲ್ಲ; ಅಂಥ ಯಂತ್ರಗಳಿಗೆ ಮುಂದಿನ ತೇಪೆಗಳು ಬರುವ ಖಾತರಿಯಿಲ್ಲ ಎಂದು ಕಂಪನಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಬದಲಾವಣೆ ಬೇಡ ಎಂಬುದು ನನ್ನ ವಾದವಲ್ಲ. ಬದಲಾವಣೆಯ ಬೆಲೆಯನ್ನು ಯಾರು ತೆರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಆಡಳಿತದ ಸ್ವರೂಪ ಬದಲಾಗಿರುವ ಬಗೆಯೇ ಹಿನ್ನೆಲೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದಾಗ ಪಹಣಿ ಮುದ್ರಿಸುವ ಕಂಪ್ಯೂಟರು, ಪ್ರಿಂಟರು ಎಲ್ಲವೂ ತಾಲ್ಲೂಕು ಕಚೇರಿಯ ಸ್ವತ್ತಾಗಿದ್ದವು. ಕೆಟ್ಟರೆ ಸರ್ಕಾರವೇ ನೋಡಿಕೊಳ್ಳಬೇಕಿತ್ತು. ಬಳಿಕ ಸೇವೆಗಳು ಹೋಬಳಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿಗೆ ಇಳಿದವು. ‘ಗ್ರಾಮ ಒನ್’ ಯೋಜನೆಯ ಪ್ರಾಯೋಗಿಕ ಹಂತ 2020ರಲ್ಲಿ ನಡೆದದ್ದು ಇದೇ ದಾವಣಗೆರೆ ಜಿಲ್ಲೆಯಲ್ಲಿ. ಜನ ತಾಲ್ಲೂಕು ಕೇಂದ್ರಕ್ಕೆ ಅಲೆಯುವುದು ತಪ್ಪಿತು. ಅದು ದೊಡ್ಡ ಲಾಭ. ಆದರೆ ಈ ಕೇಂದ್ರಗಳನ್ನು ನಡೆಸುವವರು ಸರ್ಕಾರಿ ನೌಕರರಲ್ಲ. ತಾವೇ ಬಂಡವಾಳ ಹಾಕಿ, ಕಂಪ್ಯೂಟರು, ಪ್ರಿಂಟರು, ಬೆರಳಚ್ಚು ಸಾಧನ ಕೊಂಡು, ಪ್ರತಿ ಅರ್ಜಿಗೆ ಸಿಗುವ ಸಣ್ಣ ಮೊತ್ತದಲ್ಲಿ ಬದುಕುವ ಯುವಕ ಯುವತಿಯರು. ಸೇವೆ ಸರ್ಕಾರದ್ದು, ನಿಯಮ ಸರ್ಕಾರದ್ದು, ಕಾರ್ಯಾಚರಣ ವ್ಯವಸ್ಥೆ ಅಮೆರಿಕದ ಕಂಪನಿಯದ್ದು. ಸಾಧನ ಬದಲಿಸುವ ಹೊಣೆ ಮಾತ್ರ ಇವರದ್ದು. ಒಂದು ಅಪ್‌ಡೇಟ್ ಬಂದು ಪ್ರಿಂಟರು ಮಾಯವಾದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂದು ಆದಾಯ ಪ್ರಮಾಣಪತ್ರಕ್ಕೆ ಕಾದು ನಿಂತ ವಿದ್ಯಾರ್ಥಿ, ಕೂಲಿ ಬಿಟ್ಟು ಬಂದ ತಾಯಿ ಬರಿಗೈಯಲ್ಲಿ ಮರಳುತ್ತಾರೆ. ಅವರ ಒಂದು ದಿನದ ನಷ್ಟ ಯಾವ ಲೆಕ್ಕಪತ್ರದಲ್ಲಿಯೂ ಬರುವುದಿಲ್ಲ.

ಸಂಘಟಿತ ಗ್ರಾಹಕರಿಗೆ ಕಂಪನಿಗಳು ಮಣಿಯುತ್ತವೆ ಎಂಬುದಕ್ಕೆ ಈ ಪ್ರಸಂಗದಲ್ಲಿಯೇ ಸಾಕ್ಷಿ ಇದೆ. ವಿಂಡೋಸ್ 10ಕ್ಕೆ ಭದ್ರತಾ ತೇಪೆಗಳನ್ನು ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ನೀಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿದಾಗ, ಅದಕ್ಕೆ 30 ಡಾಲರ್ ಶುಲ್ಕ ಅಥವಾ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಕಂಪನಿಯ ಕ್ಲೌಡ್‌ಗೆ ಒಪ್ಪಿಸುವಂಥ ಷರತ್ತು ಇತ್ತು. ಯುರೋಪಿನ ಗ್ರಾಹಕ ಸಂಘಟನೆಗಳು ದನಿ ಎತ್ತಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಆರ್ಥಿಕ ವಲಯದ ದೇಶಗಳಿಗೆ ಆ ಷರತ್ತು ಸಡಿಲಿಸಿ ಉಚಿತ ಮಾಡಲಾಯಿತು. ಭಾರತಕ್ಕೆ ಆ ರಿಯಾಯಿತಿ ಅನ್ವಯಿಸಲಿಲ್ಲ. ನಾವು ಕೇಳಿದ್ದೆವೆ ಎಂಬುದೂ ಪ್ರಶ್ನೆಯೇ.

ಹಾಗಾದರೆ ಮಾಡಬೇಕಾದದ್ದೇನು? ಬಳಕೆದಾರರ ಮಟ್ಟದಲ್ಲಿ ಮೊದಲ ಕೆಲಸ ಗಾಬರಿಯಾಗದಿರುವುದು. ಹೊಸ ಕಂಪ್ಯೂಟರು ತರುವ ಮುನ್ನ ಇರುವ ಸಾಧನಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ 64 ಬಿಟ್ ಡ್ರೈವರ್ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ನೋಡಿ, ಇದ್ದರೆ ಅದನ್ನು ಇಳಿಸಿ ಪೆನ್‌ಡ್ರೈವ್‌ನಲ್ಲಿ ಕಾಪಿಡಬೇಕು. ಇಂದು ಇರುವ ಪುಟ ನಾಳೆ ಇಲ್ಲದಿರಬಹುದು. ಡ್ರೈವರ್ ಸಿಗದ ಸಾಧನಕ್ಕೆ ಹಳೆಯ ಕಂಪ್ಯೂಟರನ್ನೇ ಇಂಟರ್‌ನೆಟ್ ಸಂಪರ್ಕ ಕಡಿದು, ಮುದ್ರಣಕ್ಕೆ ಅಥವಾ ಸ್ಕ್ಯಾನಿಗೆ ಮಾತ್ರ ಮೀಸಲಿಡಬಹುದು. ಲಿನಕ್ಸ್ ಇನ್ನೊಂದು ದಾರಿ. ಅದರ ಮುದ್ರಣ ವ್ಯವಸ್ಥೆ ‘ಕಪ್ಸ್’, ಸ್ಕ್ಯಾನರ್ ವ್ಯವಸ್ಥೆ ‘ಸೇನ್’ ತಯಾರಕರೇ ಕೈಬಿಟ್ಟ ಅನೇಕ ಸಾಧನಗಳನ್ನು ಇಂದಿಗೂ ನಡೆಸುತ್ತವೆ. ಲೇಸರ್‌ಜೆಟ್ 1020ಕ್ಕೂ ಅಲ್ಲಿ ಸ್ವಯಂಸೇವಕರು ಬರೆದ ಡ್ರೈವರ್ ಇದೆ. ಕನ್ನಡ ಟೈಪಿಸುವವರಿಗೆ ಪರಿಚಿತವಾದ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಲಭ್ಯ. ನೆರೆಯ ಕೇರಳ ತನ್ನ ಶಾಲೆಗಳ ಕಂಪ್ಯೂಟರುಗಳನ್ನು 2000ದ ದಶಕದಲ್ಲಿಯೇ ಸ್ವತಂತ್ರ ತಂತ್ರಾಂಶದತ್ತ ಒಯ್ದಿತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳಿಗೆ ಇದೇ ದಾರಿ ಹಿಡಿಯುವ ನಿರ್ಧಾರ ಪ್ರಕಟಿಸಿತು. ಆದರೆ ಮ್ಯೂನಿಕ್ ನಗರ ಇದೇ ಪ್ರಯೋಗ ಮಾಡಿ 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿದ್ದೂ ಉಂಟು. ನಮ್ಮ ಸರ್ಕಾರಿ ಸೇವೆಗಳ ತಂತ್ರಾಂಶ ಮತ್ತು ಬೆರಳಚ್ಚು ಸಾಧನಗಳ ಸೇವೆ ವಿಂಡೋಸನ್ನೇ ನೆಚ್ಚಿಕೊಂಡಿರುವವರೆಗೆ ಗ್ರಾಮ ಮಟ್ಟದ ಒಬ್ಬ ನಿರ್ವಾಹಕ ಒಂಟಿಯಾಗಿ ಲಿನಕ್ಸಿಗೆ ಹೋಗಲಾರ. ಆ ಹೆಜ್ಜೆ ಮೇಲಿನಿಂದ ಬರಬೇಕು.

ಸರ್ಕಾರದ ಮುಂದೆ ಮೂರು ಕೆಲಸಗಳಿವೆ. ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಬಹಿರಂಗ ಮಾನಕಗಳ ನೀತಿಯನ್ನೂ 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನೂ ಪ್ರಕಟಿಸಿದೆ. ಅವುಗಳ ಆಶಯ ತಾಲ್ಲೂಕು ಮಟ್ಟದ ಖರೀದಿ ಆದೇಶದವರೆಗೆ ಇಳಿಯಬೇಕು: ಬಹಿರಂಗ ಭಾಷೆಯಲ್ಲಿ ಮಾತನಾಡದ ಪ್ರಿಂಟರನ್ನು, ಇಂತಿಷ್ಟು ವರ್ಷ ಡ್ರೈವರ್ ನೀಡುವೆನೆಂದು ಬರೆದುಕೊಡದ ತಯಾರಕನನ್ನು ಟೆಂಡರಿನಲ್ಲಿ ಪರಿಗಣಿಸಬಾರದು. ಎರಡನೆಯದು, ಸೇವಾ ಕೇಂದ್ರಗಳ ಸಾಧನ ಬದಲಾವಣೆಯನ್ನು ಸರ್ಕಾರದ ನಿಯಮವೇ ಕಡ್ಡಾಯ ಮಾಡಿದಾಗ ಅದರ ವೆಚ್ಚದ ಒಂದು ಪಾಲನ್ನಾದರೂ ಸರ್ಕಾರ ಭರಿಸಬೇಕು. ಮೂರನೆಯದು, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಆರಂಭಿಸಿದ ‘ದುರಸ್ತಿಯ ಹಕ್ಕು’ ಚರ್ಚೆ ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳ ಸುತ್ತ ಹೊರಟಿತು. ತಂತ್ರಾಂಶದ ಬೆಂಬಲವೂ ದುರಸ್ತಿಯ ಭಾಗವೇ ಎಂದು ಅದು ಒಪ್ಪಬೇಕು. ಬೆಂಬಲ ನಿಲ್ಲಿಸುವ ತಯಾರಕ ಸಾಧನದ ಭಾಷೆಯ ವಿವರವನ್ನಾದರೂ ಬಹಿರಂಗಪಡಿಸಿದರೆ, ಬರೆಯಬಲ್ಲವರು ಬೇರೆ ದುಭಾಷಿಯನ್ನು ಬರೆದುಕೊಳ್ಳುತ್ತಾರೆ.

ಬರೆಯಬಲ್ಲವರು ನಮ್ಮಲ್ಲಿ ಇಲ್ಲವೇ? 1951ರಲ್ಲಿ ಆರಂಭವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ದಾವಣಗೆರೆಯಲ್ಲಿಯೇ ಇದೆ. ಬಾಪೂಜಿ ಸಂಸ್ಥೆಯ ಕಾಲೇಜೂ ಇದೆ. ಅಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಯುವ ವಿದ್ಯಾರ್ಥಿಗಳು ಪ್ರತಿ ವರ್ಷ ಯಾವುದೋ ನಗರದ ಕಾಲ್ಪನಿಕ ಸಮಸ್ಯೆಗೆ ಪ್ರಾಜೆಕ್ಟ್ ವರದಿ ಬರೆಯುವ ಬದಲು, ಜಗಳೂರಿನ ಹಾಲು ಸಂಘದ ಸೀರಿಯಲ್ ಕೇಬಲ್, ನ್ಯಾಮತಿಯ ಸೇವಾ ಕೇಂದ್ರದ ಪ್ರಿಂಟರು, ಚನ್ನಗಿರಿಯ ಮಂಡಿಯ ಡಾಸ್ ಲೆಕ್ಕ, ಹೊನ್ನಾಳಿಯ ಡಿಟಿಪಿ ಕೇಂದ್ರದ ಹಳೆಯ ಫಾಂಟು ಇವನ್ನು ಕೈಗೆತ್ತಿಕೊಳ್ಳಬಹುದು. ತಿಂಗಳಿಗೊಂದು ದಿನ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಕುಳಿತು, ಯಾವ ಸಾಧನ ಯಾವ ವ್ಯವಸ್ಥೆಯಲ್ಲಿ ಹೇಗೆ ನಡೆಯುತ್ತದೆ ಎಂದು ಪರೀಕ್ಷಿಸಿ ಕನ್ನಡದಲ್ಲಿ ಬರೆದಿಟ್ಟರೆ ಸಾಕು. ಇದಕ್ಕೆ ಕೋಟಿಗಳ ಅನುದಾನ ಬೇಕಿಲ್ಲ. ಜಿಲ್ಲಾಡಳಿತದ ಒಂದು ಆದೇಶ, ಕಾಲೇಜುಗಳ ಒಂದಿಷ್ಟು ಮನಸ್ಸು ಬೇಕು. ಇಂದು ಈ ಜ್ಞಾನವೆಲ್ಲ ಕೆಲವೇ ರಿಪೇರಿ ಹುಡುಗರ ತಲೆಯಲ್ಲಿದೆ. ಅವರು ಕೆಲಸ ಹುಡುಕಿ ಬೆಂಗಳೂರು ಬಸ್ಸು ಹತ್ತಿದ ದಿನ ಅದೂ ಅವರೊಂದಿಗೆ ಹೊರಟುಹೋಗುತ್ತದೆ.

ವಿಂಡೋಸ್ 11 ಕೊನೆಯ ವ್ಯವಸ್ಥೆಯಲ್ಲ. ಅದರ ನಂತರ ಮತ್ತೊಂದು ಬರುತ್ತದೆ; ಇಂದು ನಾವು ಕೊಳ್ಳುವ ಪ್ರಿಂಟರು, ಬೆರಳಚ್ಚು ಸಾಧನಗಳು ಅಂದು ಹಳೆಯವಾಗುತ್ತವೆ. ಆಗಲೂ ಇದೇ ಗೋಳು ತೋಡಿಕೊಳ್ಳುವುದೋ ಬೇಡವೋ ಎಂಬುದು ಈ ವರ್ಷದ ಖರೀದಿ ಆದೇಶಗಳಲ್ಲಿ ನಾವು ಯಾವ ಷರತ್ತು ಬರೆಯುತ್ತೇವೆ ಎಂಬುದರ ಮೇಲೆ ನಿಂತಿದೆ.